ಸಿರಿಮನೆ ಏರಿನಲ್ಲಿ ಸೆಕೆಂಡ್ ಹ್ಯಾಂಡ್ ಕಾರು

ಅಡಿಕೆ ಕೊಯ್ಲು ಮುಗಿದು ಕೈಯಲ್ಲಿ ನಾಲ್ಕು ಕಾಸು ಓಡಾಡುವ ಹೊತ್ತಿಗೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಗೆ ಹಳೇ ಕಾರುಗಳು ಬರುತ್ತವೆ. ಹಳದಿ ಎಲೆ ರೋಗದ ಮೇಲೆ ಎಲೆಚುಕ್ಕಿ ರೋಗವೂ ಬಂದು ಫಸಲು ಕೈಕೊಟ್ಟ ಮನೆಗಳಿಗೆ ಹೊಸ ಕಾರು ದೂರದ ಮಾತು. ಬಸ್ಸಿಳಿದು ಮೈಲಿಗಟ್ಟಲೆ ನಡೆಯಬೇಕಾದ ತೋಟದ ಮನೆಯಲ್ಲಿ ವಯಸ್ಸಾದವರಿದ್ದರೆ ಗಾಡಿ ಇಲ್ಲದೆ ಆಗುವುದೂ ಇಲ್ಲ. ಹಾಗಾಗಿ ಬೆಂಗಳೂರಿನದೋ, ಶಿವಮೊಗ್ಗದ್ದೋ, ಮಂಗಳೂರಿನದೋ ಒಂದು ಕಾರು ಅಂಗಳಕ್ಕೆ ಬಂದು ನಿಲ್ಲುತ್ತದೆ. ಬೇಸಿಗೆಯಲ್ಲಿ ಎಲ್ಲವೂ ಚೆನ್ನಾಗಿಯೇ ಇರುತ್ತದೆ. ಆರಿದ್ರಾ ಮಳೆ ಹಿಡಿದ ಮೇಲೆ ಒಂದೊಂದೇ ತೊಂದರೆ ಹೊರಬೀಳುತ್ತದೆ.

ಇದರಲ್ಲಿ ಯಾವಾಗಲೂ ಮಾರಿದವರ ಮೋಸವೇ ಇರಬೇಕೆಂದಿಲ್ಲ. ಬೆಂಗಳೂರಿನ ಸಮತಟ್ಟು ರಸ್ತೆಯಲ್ಲಿ ಅರ್ಧ ಸವೆದ ಕ್ಲಚ್ ಪ್ಲೇಟೂ ಇನ್ನೊಂದು ವರ್ಷ ಓಡೀತು. ಅದೇ ಕಾರು ಐದು ಜನರನ್ನು ಹೊತ್ತು ಶೃಂಗೇರಿಯಿಂದ ಕಿಗ್ಗಕ್ಕೆ, ಅಲ್ಲಿಂದ ಸಿರಿಮನೆ ಜಲಪಾತದ ಕಡೆ ಏರಿದರೆ ಒಂದೇ ದಿನದಲ್ಲಿ ಸುಟ್ಟ ವಾಸನೆ ಬರುತ್ತದೆ. ನಮ್ಮ ಏರು, ತಿರುವು, ಮಣ್ಣು, ಮಳೆ ಸೇರಿ ಗಾಡಿಯ ದುರ್ಬಲ ಜಾಗವನ್ನೆಲ್ಲ ತೋರಿಸಿಬಿಡುತ್ತವೆ. ಆಗ ಗಾಬರಿಯಲ್ಲಿ ನಾವು ಮಾಡುವ ದುಬಾರಿ ತಪ್ಪೆಂದರೆ ಕಾರಣ ತಿಳಿಯುವ ಮೊದಲೇ ಪಾರ್ಟ್ ಬದಲಿಸುವುದು. ಒಬ್ಬರು ಪಂಪ್ ಎನ್ನುತ್ತಾರೆ, ಇನ್ನೊಬ್ಬರು ಸೆನ್ಸರ್ ಎನ್ನುತ್ತಾರೆ, ಎರಡನ್ನೂ ಹಾಕಿಸಿದ ಮೇಲೂ ತೊಂದರೆ ಹಾಗೇ ಇರುತ್ತದೆ. ಮೊದಲು ಪತ್ತೆ, ಆಮೇಲೆ ರಿಪೇರಿ ಎಂಬ ಕ್ರಮ ಬಿಟ್ಟರೆ ಹಳೇ ಕಾರು ತೋಟದ ಆದಾಯವನ್ನೆಲ್ಲ ನುಂಗುತ್ತದೆ.

ಕಾರು ಮನೆಗೆ ಬಂದ ಮೊದಲ ವಾರ ಸದ್ದುಗದ್ದಲದ ಬೆನ್ನು ಹತ್ತಬೇಡಿ. ಹಿಂದಿನವರು ಏನು ಹೇಳಿದ್ದರೂ ಎಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್, ಬ್ರೇಕ್ ಆಯಿಲ್, ಕೂಲಂಟ್ ಹೊಸದು ಹಾಕಿಸಿ, ಆ ದಿನದ ಕಿಲೋಮೀಟರನ್ನು ಬರೆದಿಡಿ. ಇನ್ನು ಮುಂದೆ ಯಾವುದು ಕಡಿಮೆಯಾಯಿತು, ಯಾವುದರ ಬಣ್ಣ ಬದಲಾಯಿತು ಎನ್ನುವುದಕ್ಕೆ ನಿಮ್ಮದೇ ಲೆಕ್ಕ ಇರುತ್ತದೆ. ಟೈಮಿಂಗ್ ಬೆಲ್ಟ್ ಇರುವ ಎಂಜಿನ್ ಆದರೆ ಬೆಲ್ಟ್ ಬದಲಿಸಿದ ಬಿಲ್ ಕೇಳಿ. ಮಾರುತಿ 800, ಹಳೇ ಆಲ್ಟೋಗಳ 796 ಸಿಸಿ ಎಂಜಿನ್ ಬೆಲ್ಟಿನದೇ. ಬಿಲ್ ಇಲ್ಲವೆಂದರೆ ಬೆಲ್ಟ್ ಬದಲಾಗಿಲ್ಲ ಎಂದೇ ತಿಳಿದು ಹಾಕಿಸಿಬಿಡಿ.

ಕೂಲಂಟ್ ವಿಷಯ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ನಮ್ಮ ಕಡೆ ಎಂಜಿನ್ ಹಾಳಾಗುವುದು ಹೆಚ್ಚಾಗಿ ಇಲ್ಲಿಂದಲೇ. ಘಾಟಿಯಲ್ಲಿ ಎರಡನೇ ಗೇರಿನಲ್ಲಿ ಏರುವಾಗ ಎಂಜಿನ್ ಪೂರ್ತಿ ದುಡಿಯುತ್ತಿರುತ್ತದೆ, ವೇಗ ಇಲ್ಲದ್ದರಿಂದ ಮುಂದಿನಿಂದ ಗಾಳಿ ಬೀಸುವುದಿಲ್ಲ. ಶಾಖ ಕಳೆಯುವ ಭಾರವೆಲ್ಲ ರೇಡಿಯೇಟರ್ ಫ್ಯಾನಿನ ಮೇಲೆ. ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗ ಮುಚ್ಚಳ ತೆಗೆದು ನೋಡಿ. ಕೂಲಂಟ್ ಹಸಿರೋ ಕೆಂಪೋ ನೀಲಿಯೋ ತಿಳಿಯಾಗಿದ್ದರೆ ಸರಿ. ಮಣ್ಣಿನ ಬಣ್ಣಕ್ಕೆ ತಿರುಗಿದ್ದರೆ ಹಿಂದಿನವರು ಬರೀ ನೀರು ಹಾಕಿ ಓಡಿಸಿದ್ದಾರೆ, ಒಳಗೆ ತುಕ್ಕು ಹಿಡಿದಿದೆ ಎಂದರ್ಥ. ಮೇಲೆ ಎಣ್ಣೆಯ ಪೊರೆ ತೇಲುತ್ತಿದ್ದರೆ, ಅಥವಾ ಎಲ್ಲೂ ಸೋರದೆ ವಾರವಾರವೂ ಮಟ್ಟ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಬೇಕು. ಆಗಲೂ ಹೆಡ್ ಬಿಚ್ಚಿಸಲು ಓಡಬೇಡಿ. ಮೊದಲು ಕೂಲಂಟ್ ದಾರಿಗೆ ಪ್ರೆಶರ್ ಕೊಟ್ಟು ಪರೀಕ್ಷೆ ಮಾಡಿಸಿ. ಸೋರುವ ಹತ್ತು ರೂಪಾಯಿಯ ಹೋಸ್ ಕ್ಲಿಪ್ಪಿಗೂ ಹೆಡ್ ಕೆಲಸಕ್ಕೂ ಖರ್ಚಿನಲ್ಲಿ ಅಜಗಜಾಂತರ.

ಏರಿನಲ್ಲಿ ಹೀಟ್ ಮುಳ್ಳು ಮೇಲೇರತೊಡಗಿದರೆ ಎಸಿ ಆರಿಸಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಅಗಲವಾದ ಜಾಗ ಸಿಕ್ಕ ಕೂಡಲೇ ನಿಲ್ಲಿಸಿ. ಮುಳ್ಳು ಕೆಂಪಿಗೆ ಮುಟ್ಟಿದ್ದರೆ ಎಂಜಿನ್ ಆರಿಸಲೇಬೇಕು. ಬಿಸಿಯಾಗಿರುವಾಗ ಮುಚ್ಚಳ ಮುಟ್ಟಬೇಡಿ, ಕುದಿಯುವ ನೀರು ಮುಖಕ್ಕೇ ಚಿಮ್ಮುತ್ತದೆ. ಪಕ್ಕದ ಹಳ್ಳದ ತಣ್ಣೀರನ್ನು ಎಂಜಿನ್ ಮೇಲೆ ಸುರಿಯಲೂ ಬೇಡಿ. ಇನ್ನೇನು ಕೊಪ್ಪ ಬಂತು, ಹೇಗಾದರೂ ಮುಟ್ಟಿಸೋಣ ಎಂದು ಓಡಿಸಿದರೆ ಅಲ್ಯೂಮಿನಿಯಂ ಹೆಡ್ ಸೊಟ್ಟಗಾಗುತ್ತದೆ. ಟೋಯಿಂಗ್ ಗಾಡಿಯ ಬಾಡಿಗೆ ಅದರ ಮುಂದೆ ಏನೂ ಅಲ್ಲ.

ಹೊಗೆಯನ್ನೂ ಗಮನಿಸಿ. ನೀಲಿ ಹೊಗೆ ಎಂದರೆ ಆಯಿಲ್ ಉರಿಯುತ್ತಿದೆ, ಕಪ್ಪು ಎಂದರೆ ಇಂಧನ ಹೆಚ್ಚು ಹೋಗುತ್ತಿದೆ. ಚಳಿಯ ಬೆಳಿಗ್ಗೆ ಸೈಲೆನ್ಸರಿನಿಂದ ಬರುವ ಬಿಳಿ ಆವಿ ಐದು ಹತ್ತು ನಿಮಿಷದಲ್ಲಿ ನಿಂತರೆ ಅದು ಬರೀ ನೀರಾವಿ, ಹೆದರಬೇಕಿಲ್ಲ. ಗಾಡಿ ಬಿಸಿಯಾದ ಮೇಲೂ ಬಿಳಿ ಹೊಗೆ ಬರುತ್ತಿದ್ದು ಕೂಲಂಟ್ ಕಡಿಮೆಯಾಗುತ್ತಿದ್ದರೆ ಮಾತ್ರ ಯೋಚಿಸಬೇಕಾದ ವಿಷಯ.

ಕ್ಲಚ್ ಪರೀಕ್ಷೆಯನ್ನು ನೀವೇ ಮಾಡಬಹುದು. ಗಾಡಿ ಸಂಚಾರ ಕಡಿಮೆ ಇರುವ ಸಣ್ಣ ಏರಿನಲ್ಲಿ ಮೂರನೇ ಗೇರಿನಲ್ಲಿ ನಿಧಾನವಾಗಿ ಹೋಗುತ್ತಾ ಆಕ್ಸಿಲರೇಟರ್ ಒತ್ತಿ. ಎಂಜಿನ್ ಕಿರುಚಿ ಆರ್‌ಪಿಎಂ ಮುಳ್ಳು ಮೇಲೆ ಹೋಗಿ, ಗಾಡಿಯ ವೇಗ ಮಾತ್ರ ಇದ್ದಲ್ಲೇ ಇದ್ದರೆ ಕ್ಲಚ್ ಜಾರುತ್ತಿದೆ. ಬದಲಿಸುವುದೇ ಆದರೆ ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೆ ಹಾಕಿಸಿ, ಏಕೆಂದರೆ ಗೇರ್‌ಬಾಕ್ಸ್ ಇಳಿಸುವ ಕೂಲಿಯೇ ದೊಡ್ಡದು, ಅದನ್ನು ಎರಡು ಸಲ ಕೊಡುವುದೇಕೆ? ಗೇರ್‌ಬಾಕ್ಸ್ ಕೆಳಗಿರುವಾಗಲೇ ಎಂಜಿನ್ ಹಿಂಬದಿಯ ಆಯಿಲ್ ಸೀಲನ್ನು ಟಾರ್ಚ್ ಹಾಕಿ ನೋಡಲು ಮೆಕ್ಯಾನಿಕ್‌ಗೆ ಹೇಳಿ. ಅಲ್ಲಿಂದ ಆಯಿಲ್ ಒಸರುತ್ತಿದ್ದರೆ ಹೊಸ ಪ್ಲೇಟೂ ಕೆಲವೇ ತಿಂಗಳಲ್ಲಿ ಹಾಳಾಗುತ್ತದೆ. ಏರಿನಲ್ಲಿ ನಿಂತಾಗ ಅರ್ಧ ಕ್ಲಚ್ಚಿನಲ್ಲಿ ಗಾಡಿಯನ್ನು ತಡೆದಿಡುವ ಅಭ್ಯಾಸ ಬಿಟ್ಟು ಹ್ಯಾಂಡ್‌ಬ್ರೇಕ್ ಬಳಸಿದರೆ ಕ್ಲಚ್ಚಿನ ಆಯಸ್ಸು ಎಷ್ಟೋ ಹೆಚ್ಚುತ್ತದೆ.

ಏರಿದ ಗಾಡಿ ಇಳಿಯಲೇಬೇಕು. ಕೆರೆಕಟ್ಟೆ ದಾಟಿ ಕಾರ್ಕಳದ ಕಡೆಗೋ, ಆಗುಂಬೆಯ ಹದಿನಾಲ್ಕು ತಿರುವುಗಳಲ್ಲಿ ಸೋಮೇಶ್ವರದ ಕಡೆಗೋ ಇಳಿಯುವಾಗ ಬ್ರೇಕ್ ಒಂದನ್ನೇ ನಂಬಿದರೆ ಅಪಾಯ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುವ ದ್ರವ. ನಮ್ಮ ಹವೆಯಲ್ಲಿ ಅದು ಬೇಗ ಹಳತಾಗುತ್ತದೆ. ನೀರು ಸೇರಿದ ಆಯಿಲ್ ಬೇಗ ಕುದಿಯುತ್ತದೆ, ಆವಿಯಾಗುತ್ತದೆ, ಪೆಡಲ್ ಮೆತ್ತಗಾಗಿ ತಳಕ್ಕೆ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸುವ ಈ ಸಣ್ಣ ಕೆಲಸವನ್ನು ಮುಂದೂಡಬೇಡಿ. ಇಳಿಜಾರಿನಲ್ಲಿ ಏರುವಾಗ ಬಳಸಿದ ಗೇರಿನಲ್ಲೇ ಇಳಿಯಿರಿ, ನ್ಯೂಟ್ರಲ್ ಮಾಡಿ ಪೆಟ್ರೋಲ್ ಉಳಿಸಲು ಹೋಗಬೇಡಿ. ಮಳೆಗಾಲದಲ್ಲಿ ಕಾರು ದಿನಗಟ್ಟಲೆ ನಿಂತಿರುವುದಾದರೆ ಹ್ಯಾಂಡ್‌ಬ್ರೇಕ್ ಎಳೆದಿಟ್ಟು ಬರಬೇಡಿ, ಹಿಂದಿನ ಬ್ರೇಕ್ ಶೂಗಳು ಡ್ರಮ್ಮಿಗೆ ಅಂಟಿಕೊಳ್ಳುತ್ತವೆ. ಮಟ್ಟದ ಜಾಗದಲ್ಲಿ ಗೇರ್ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟರೆ ಸಾಕು.

ಸೀಟಿನ ಕೆಳಗೆ ಒದ್ದೆ, ಕಾರಿನೊಳಗೆ ಬೂಸ್ಟು ವಾಸನೆ ಬಂದರೆ ತಳ ತೂತಾಗಿದೆ ಎಂದು ವೆಲ್ಡಿಂಗ್‌ಗೆ ಓಡುವ ಮೊದಲು ಬಾನೆಟ್ ಎತ್ತಿ ಗಾಜಿನ ಬುಡದ ಕಾಲುವೆ ನೋಡಿ. ಮರದಡಿ ನಿಲ್ಲುವ ಕಾರಿನಲ್ಲಿ ತರಗೆಲೆ ಕೊಳೆತು ನೀರು ಹೋಗುವ ತೂತು ಕಟ್ಟಿಕೊಂಡಿರುತ್ತದೆ, ನೀರು ಬ್ಲೋವರ್ ದಾರಿಯಲ್ಲಿ ಒಳಗಿಳಿಯುತ್ತದೆ. ಕೈಯಿಂದ ಬಾಚಿ ತೆಗೆದರೆ ಮುಗಿಯಿತು.

ಇದಕ್ಕಿಂತ ಕೆಟ್ಟದ್ದು ಪ್ರವಾಹದಲ್ಲಿ ಮುಳುಗಿ ಬಂದ ಕಾರು. 2015 ಮತ್ತು 2023ರ ಡಿಸೆಂಬರಿನಲ್ಲಿ ಚೆನ್ನೈ, 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಬಡಾವಣೆಗಳು ಮುಳುಗಿದಾಗ ಕಾರುಗಳೂ ಮುಳುಗಿದ್ದವು. ಅಂಥ ಕಾರು ಒರೆಸಿ ಒಣಗಿಸಿಕೊಂಡು ಮಾರುಕಟ್ಟೆಗೆ ಬಂದರೆ ಮೇಲ್ನೋಟಕ್ಕೆ ಗೊತ್ತಾಗುವುದಿಲ್ಲ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದರೆ ಒಳಗಿನ ತುದಿಯಲ್ಲಿ ಕೆಸರಿನ ಗೆರೆ ಕಾಣುತ್ತದೆ. ಸೀಟಿನ ಬೋಲ್ಟು, ಸ್ಟೆಪ್ನಿ ಇಡುವ ಗುಂಡಿ, ಫ್ಯೂಸ್ ಬಾಕ್ಸ್ ಇವುಗಳ ತುಕ್ಕನ್ನೂ ನೋಡಿ. ಇಂಥ ಕಾರಿನಲ್ಲಿ ವೈರಿಂಗ್ ತೊಂದರೆ ಒಂದು ಕಡೆ ಸರಿಪಡಿಸಿದರೆ ಇನ್ನೊಂದು ಕಡೆ ಎದ್ದೇಳುತ್ತದೆ. ಅದಕ್ಕೆ ದುಡ್ಡು ಸುರಿಯುತ್ತ ಹೋಗುವುದಕ್ಕಿಂತ ಮಾರಿದವರಿಗೆ ವಾಪಸ್ ಕೊಡುವ ದಾರಿ ಹುಡುಕುವುದೇ ಸರಿ. ಕೆಎ–19, ಕೆಎ–20ರ ಕರಾವಳಿ ಕಾರಾದರೆ ಉಪ್ಪುಗಾಳಿಯ ತುಕ್ಕು ಹುಡುಕಿ. ತಳಕ್ಕೆ ಹೊಸದಾಗಿ ಕಪ್ಪು ಅಂಡರ್‌ಕೋಟ್ ಬಳಿದಿದ್ದರೆ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ ನೋಡಿ, ಗಟ್ಟಿ ಲೋಹದ ಸದ್ದು ಬರಬೇಕು.

ಡ್ಯಾಶ್‌ಬೋರ್ಡಿನ ಚೆಕ್ ಎಂಜಿನ್ ದೀಪದ ಬಗ್ಗೆ ಒಂದು ಮಾತು. ಕೀ ತಿರುಗಿಸಿದಾಗ ಅದು ಹೊತ್ತಿ, ಸ್ಟಾರ್ಟ್ ಆದ ಮೇಲೆ ಆರಬೇಕು. ಹೊತ್ತುವುದೇ ಇಲ್ಲವೆಂದರೆ ಯಾರೋ ಅದನ್ನು ತಪ್ಪಿಸಿಟ್ಟಿರಬಹುದು. ಮಾರುವ ಹಿಂದಿನ ದಿನ ಸ್ಕ್ಯಾನರಿನಲ್ಲಿ ದೋಷದ ಕೋಡ್ ಅಳಿಸಿದ್ದರೆ ದೀಪ ಕೆಲವು ದಿನ ಸುಮ್ಮನಿದ್ದು ಮತ್ತೆ ಬರುತ್ತದೆ. ಕೋಡ್ ಅಳಿಸಿದ್ದು ಇತ್ತೀಚೆಗಾದರೆ ಸ್ಕ್ಯಾನರಿನ ರೆಡಿನೆಸ್ ಪುಟದಲ್ಲಿ ಪರೀಕ್ಷೆಗಳು ಅಪೂರ್ಣ ಎಂದು ಕಾಣುತ್ತದೆ. ಕೋಡ್ ತೊಂದರೆ ಎಲ್ಲಿದೆ ಎಂಬ ದಿಕ್ಕನ್ನು ಹೇಳುತ್ತದೆಯೇ ಹೊರತು ಯಾವ ಪಾರ್ಟ್ ಕೆಟ್ಟಿದೆ ಎಂದು ಹೇಳುವುದಿಲ್ಲ. ಆಕ್ಸಿಜನ್ ಸೆನ್ಸರಿನ ಕೋಡ್ ಬಂದಿದ್ದಕ್ಕೆ ಕಾರಣ ಒಡೆದ ಗಾಳಿಯ ಪೈಪ್ ಇರಬಹುದು, ಇಲಿ ಕಡಿದ ವೈರೂ ಇರಬಹುದು. ಸುತ್ತ ತೋಟ, ಕೊಟ್ಟಿಗೆ ಇರುವ ಮನೆಗಳಲ್ಲಿ ಇಲಿಯನ್ನು ಮೊದಲು ಅನುಮಾನಿಸಿ. 2020ರ ಏಪ್ರಿಲ್ ನಂತರದ ಬಿಎಸ್–6 ಡೀಸೆಲ್ ಕಾರು ಕೊಂಡವರಿಗೆ ಇನ್ನೊಂದು ತಲೆನೋವಿದೆ. ಅದರ ಡಿಪಿಎಫ್ ಎಂಬ ಮಸಿ ಜಾಲರಿ ಸ್ವಚ್ಛವಾಗಲು ಸ್ವಲ್ಪ ಹೊತ್ತು ಒಂದೇ ವೇಗದಲ್ಲಿ ಓಡಬೇಕು. ಮನೆ, ಸೊಸೈಟಿ, ಪೇಟೆ ಎಂದು ಎರಡು ಮೂರು ಕಿಲೋಮೀಟರ್ ಓಡಾಟವೇ ನಿಮ್ಮದಾದರೆ ಜಾಲರಿ ಕಟ್ಟುತ್ತದೆ. ಅಂಥವರಿಗೆ ಪೆಟ್ರೋಲ್ ಕಾರೇ ಒಳ್ಳೆಯದು.

ಕಾರು ಕೊಂಡ ಮೇಲೆ ಚಾಸಿಸ್ ನಂಬರ್ ಕೊಟ್ಟು ಕಂಪನಿಯ ಜಾಲತಾಣದಲ್ಲಿ ರೀಕಾಲ್ ಬಾಕಿ ಇದೆಯೇ ಎಂದು ನೋಡುವವರು ಕಡಿಮೆ. ಟಕಾಟಾ ಏರ್‌ಬ್ಯಾಗ್ ದೋಷಕ್ಕಾಗಿ ಹೋಂಡಾ ಭಾರತದಲ್ಲೂ ಹಳೆಯ ಸಿಟಿ, ಜಾಝ್, ಸಿವಿಕ್ ಮುಂತಾದ ಕಾರುಗಳನ್ನು ವಾಪಸ್ ಕರೆದಿತ್ತು. ಬಿಸಿ ಮತ್ತು ತೇವದಲ್ಲಿ ವರ್ಷಗಟ್ಟಲೆ ಇದ್ದರೆ ಈ ಏರ್‌ಬ್ಯಾಗಿನೊಳಗಿನ ರಾಸಾಯನಿಕ ಕೆಟ್ಟು, ಅದು ಬಿಚ್ಚುವಾಗ ಲೋಹದ ಚೂರುಗಳು ಹಾರಬಹುದು. ಇಂಥ ರೀಕಾಲ್ ಕೆಲಸ ಎರಡನೇ ಮಾಲೀಕರಿಗೂ ಉಚಿತ.

ಕಾಗದ ಪತ್ರಕ್ಕೂ ರಿಪೇರಿಗೂ ಸಂಬಂಧವಿಲ್ಲ ಎಂದುಕೊಳ್ಳಬೇಡಿ. ಫಾರಂ 29, 30 ಕೊಟ್ಟು ಆರ್‌ಸಿ ನಿಮ್ಮ ಹೆಸರಿಗೆ ಮಾಡಿಸಲು ಕೊಂಡವರಿಗೆ 30 ದಿನ, ವಿಮೆಯನ್ನು ವರ್ಗಾಯಿಸಿಕೊಳ್ಳಲು 14 ದಿನ ಸಮಯವಿದೆ. ವಿಮೆ ಹಿಂದಿನವರ ಹೆಸರಿನಲ್ಲೇ ಉಳಿದರೆ ನಿಮ್ಮ ಕಾರಿನ ಜಖಂಗೆ ಪರಿಹಾರ ಸಿಗುವುದು ಕಷ್ಟ. ಸವೆತ ಮತ್ತು ಯಂತ್ರ ಕೆಟ್ಟಿದ್ದಕ್ಕೆ ಸಾಮಾನ್ಯ ಪಾಲಿಸಿ ದುಡ್ಡು ಕೊಡುವುದಿಲ್ಲ. ತುಂಬಿದ ಹಳ್ಳದಲ್ಲಿ ಗಾಡಿ ಆಫ್ ಆದಾಗ ಮತ್ತೆ ಸ್ಟಾರ್ಟ್ ಮಾಡಿದರೆ ನೀರು ಸಿಲಿಂಡರಿಗೆ ನುಗ್ಗಿ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಎಂಜಿನ್ ರಕ್ಷಣೆಯ ಪ್ರತ್ಯೇಕ ಕವರ್ ಇಲ್ಲದಿದ್ದರೆ ಆ ಖರ್ಚು ನಿಮ್ಮದೇ. ಮುಳುಗಿದ ಗಾಡಿಯ ಕೀ ಮುಟ್ಟದೆ ಎಳೆಸಿಕೊಂಡು ಬನ್ನಿ.

ಇನ್ನು, ಮಾರಿದವರು ಗೊತ್ತಿದ್ದೂ ಮುಚ್ಚಿಟ್ಟಿದ್ದರೆ? ಬ್ರಿಟನ್ನಿನಲ್ಲಿ 2015ರ ಗ್ರಾಹಕ ಹಕ್ಕು ಕಾಯ್ದೆ ಪ್ರಕಾರ ಡೀಲರಿನಿಂದ ಕೊಂಡ ಹಳೇ ಕಾರಿನಲ್ಲಿ ದೋಷವಿದ್ದರೆ 30 ದಿನದೊಳಗೆ ವಾಪಸ್ ಕೊಡಬಹುದು. ನಮ್ಮಲ್ಲಿ ಅಷ್ಟು ಸುಲಭದ ದಾರಿ ಇಲ್ಲ, ಆದರೆ ದಾರಿಯೇ ಇಲ್ಲವೆಂದಲ್ಲ. ವ್ಯಾಪಾರಕ್ಕಾಗಿ ಕಾರು ಮಾರುವ ಡೀಲರ್ ಆದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ. ಡೀಲರ್ ಬೆಂಗಳೂರಿನಲ್ಲಿದ್ದರೂ ದೂರನ್ನು ನೀವಿರುವ ಚಿಕ್ಕಮಗಳೂರು ಜಿಲ್ಲೆಯ ಗ್ರಾಹಕರ ಆಯೋಗದಲ್ಲೇ ಹಾಕಬಹುದು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ಅವಧಿ ಎರಡು ವರ್ಷ. ಅದಕ್ಕೂ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ನೋಡಿ. ಪರಿಚಯದವರು, ನೆಂಟರು ಮಾರಿದ ಕಾರಿಗೆ ಈ ಕಾಯ್ದೆ ಸಾಮಾನ್ಯವಾಗಿ ಬರುವುದಿಲ್ಲ. ಅಲ್ಲಿ ಮುಚ್ಚಿಟ್ಟು ವಂಚಿಸಿದರೆಂದು ಸಿವಿಲ್ ಕೋರ್ಟಿನಲ್ಲಿ ತೋರಿಸಬೇಕು. ಎರಡೂ ಕಡೆ ಬಾಯಿಮಾತು ನಿಲ್ಲದು. ಅಪಘಾತವಾಗಿಲ್ಲ, ನೀರಿನಲ್ಲಿ ಮುಳುಗಿಲ್ಲ, ಮೀಟರ್ ಇಷ್ಟು ಎಂದು ಮಾರುವಾಗಲೇ ಬರೆಸಿಕೊಂಡ ಒಂದು ಹಾಳೆ, ವಾಟ್ಸ್ಆ್ಯಪ್ ಸಂದೇಶ, ದೋಷ ಹಳೆಯದೇ ಎಂದು ಮೆಕ್ಯಾನಿಕ್ ಬರೆದುಕೊಟ್ಟ ವರದಿ ಇವೇ ಕೈ ಹಿಡಿಯುವುದು. ರಿಪೇರಿಗೆ ಮುಂಚೆ ಫೋಟೊ ತೆಗೆದು, ಮಾರಿದವರಿಗೆ ಬರಹದಲ್ಲಿ ತಿಳಿಸಿ, ತೆಗೆದ ಹಳೇ ಪಾರ್ಟನ್ನು ಮನೆಗೆ ತನ್ನಿ.

ಯಾವ ಗ್ಯಾರೇಜಿಗೆ ಹೋದರೂ ಕೆಲಸದ ಪಟ್ಟಿ ಮತ್ತು ಬಿಲ್ ಕೇಳಿ ಪಡೆದು, ಒಂದು ಫೈಲಿನಲ್ಲಿ ಸೇರಿಸಿಡಿ. ಮುಂದೊಂದು ದಿನ ನೀವೂ ಈ ಕಾರನ್ನು ಮಾರುತ್ತೀರಿ, ಕೊಳ್ಳುವವರು ಬಾಳೆಹೊನ್ನೂರಿನವರೋ ಜಯಪುರದವರೋ ಆಗಿರುತ್ತಾರೆ. ಆ ಫೈಲನ್ನು ಕೀ ಜೊತೆಗೇ ಅವರ ಕೈಗೆ ಕೊಟ್ಟು, ಏನು ಬದಲಾಗಿದೆ, ಏನು ಬಾಕಿ ಇದೆ ಎಂದು ಬಾಯಿಬಿಟ್ಟು ಹೇಳಿ.