ಗೇಣುದ್ದದ ಪಂದ್ಯದ ಮೋಟಾರು

ಮೇಜಿನ ಮೇಲೆ ಗೇಣಿಗಿಂತ ಎರಡು ಬೆರಳು ಉದ್ದವಾದ ನೀಲಿ ಬಣ್ಣದ ಮೋಟಾರೊಂದು ನಿಂತಿದೆಯೆಂದು ಭಾವಿಸೋಣ. ಚುಕ್ಕಾಣಿಯನ್ನು ಉಗುರಿನಿಂದ ಮೆಲ್ಲನೆ ನೂಕಿದರೆ ಮುಂದಿನ ಎರಡು ಚಕ್ರಗಳೂ ಹೊರಳುವುವು. ಎಂಜಿನ್ನಿನ ಮುಚ್ಚಳದ ಮೇಲೆ ಬಿಗಿದಿರುವ ತೊಗಲಿನ ಪಟ್ಟಿಯನ್ನು ಚಿಮಟದಿಂದ ಸಡಿಲಿಸಿ ಮುಚ್ಚಳವನ್ನೆತ್ತಿದರೆ, ಒಳಗೆ ಎಂಟು ಉರುಳೆಗಳ ಎಂಜಿನ್ನು, ಅದಕ್ಕೆ ಸೇರಿದ ತಾಮ್ರದ ಕೊಳವೆಗಳು, ಸಾಸಿವೆ ಕಾಳಿಗಿಂತ ಚಿಕ್ಕದಾದ ತಿರುಪುಗಳು ಎಲ್ಲವೂ ತಮ್ಮ ತಮ್ಮ ಸ್ಥಾನದಲ್ಲಿ ಕಾಣುವುವು. ಮನೆಯ ಹುಡುಗನು ಆಸೆಯಿಂದ ಕೈ ಚಾಚಿದನೆಂದರೆ ಯಜಮಾನನ ಎದೆ ಝಲ್ಲೆನ್ನುವುದು. ಅದು ಆಟದ ಸಾಮಾನಲ್ಲ. ಅಂಗಡಿಯಲ್ಲಿ ಕೊಂಡದ್ದೂ ಅಲ್ಲ. ತಗಡು, ಕಂಬಿ, ಮರ, ತೊಗಲು ಇವಿಷ್ಟನ್ನೇ ಮುಂದಿಟ್ಟುಕೊಂಡು ಒಬ್ಬನು ಸಂಜೆ ಸಂಜೆಯೂ ಕುಳಿತು ಕೆಲವು ವರ್ಷಗಳಲ್ಲಿ ಕಟ್ಟಿದ್ದು.

ಯೂರೋಪಿನ ಹಳೆಯ ಪಂದ್ಯದ ಗಾಡಿಗಳನ್ನು ಹೀಗೆ ಸಣ್ಣ ಪ್ರಮಾಣದಲ್ಲಿ ಕಟ್ಟುವವರು ಇಂಗ್ಲೆಂಡು, ಫ್ರಾನ್ಸು, ಇಟಲಿ ಮೊದಲಾದ ದೇಶಗಳಲ್ಲಿ ಇದ್ದಾರೆ. ಈ ಕೆಲಸಕ್ಕೆ ಇಂಗ್ಲಿಷಿನವರು ಸ್ಕ್ರ್ಯಾಚ್ ಬಿಲ್ಡಿಂಗ್ ಎನ್ನುವರು. ಸ್ಕ್ರ್ಯಾಚ್ ಎಂದರೆ ಗೀರು. ಓಟದ ಪಂದ್ಯಗಳಲ್ಲಿ ಯಾವ ರಿಯಾಯಿತಿಯೂ ಇಲ್ಲದವನು ನೆಲದ ಮೇಲೆಳೆದ ಗೀರಿನಿಂದಲೇ ಹೊರಡಬೇಕಾಗಿತ್ತು. ಆ ಮಾತೇ ಏನೂ ಇಲ್ಲದಲ್ಲಿಂದ ಆರಂಭಿಸುವ ಎಲ್ಲ ಕೆಲಸಕ್ಕೂ ಹರಡಿತು. ಪಂದ್ಯದ ಮೋಟಾರನ್ನು ಕಟ್ಟುವವರಿಗೆ ಈ ಹೆಸರು ಒಪ್ಪುವಷ್ಟು ಮತ್ತಾರಿಗೂ ಒಪ್ಪಲಾರದು. ಪೆಟ್ಟಿಗೆಯಲ್ಲಿ ಸಿದ್ಧವಾದ ಭಾಗಗಳನ್ನು ತಂದು ಅಂಟಿಸಿ ಜೋಡಿಸುವುದು ಬೇರೊಂದು ವಿನೋದ. ಅದನ್ನು ನಾನು ಹೀನವೆಂದು ಹೇಳುವುದಿಲ್ಲ. ಆದರೆ ಅಲ್ಲಿ ಅಳತೆಯ ಹೊಣೆಯು ಪೆಟ್ಟಿಗೆಯನ್ನು ಮಾಡಿದವನದು, ಇಲ್ಲಿ ಸಂಪೂರ್ಣವಾಗಿ ತನ್ನದು.

ಮೊದಲು ಪ್ರಮಾಣವನ್ನು ಗೊತ್ತುಮಾಡಿಕೊಳ್ಳಬೇಕು. ಒಂದು ಅಡಿಗೆ ಒಂದಂಗುಲವೆಂದರೆ ಹನ್ನೆರಡರಲ್ಲೊಂದು. ಅಡಿಗೆ ಅರ್ಧ ಅಂಗುಲವೆಂದರೆ ಇಪ್ಪತ್ತನಾಲ್ಕರಲ್ಲೊಂದು. ನಲವತ್ತಮೂರರಲ್ಲೊಂದು ಎಂಬ ವಿಚಿತ್ರವಾದ ಪ್ರಮಾಣವೂ ಬಹಳ ಬಳಕೆಯಲ್ಲಿದೆ. ಅದು ಆಟದ ರೈಲುಗಳಿಂದ ಬಂದದ್ದು. ಅಡಿಗೆ 7 ಮಿಲಿಮೀಟರಿನಂತೆ ರೈಲು ಕಟ್ಟುತ್ತಿದ್ದವರು ನಿಲ್ದಾಣದ ಮುಂದೆ ನಿಲ್ಲಿಸುವುದಕ್ಕೆ ಅದೇ ಅಳತೆಯ ಮೋಟಾರುಗಳನ್ನು ಬಯಸಿದರು. ಒಳಗಿನ ಯಂತ್ರವನ್ನೂ ತೋರಿಸಬೇಕೆಂಬವರು ಹದಿನೈದರಲ್ಲೊಂದು ಅಥವಾ ಎಂಟರಲ್ಲೊಂದು ಪ್ರಮಾಣವನ್ನು ಹಿಡಿಯುವರು. ಹೆಸರಾಂತ ಇಂಗ್ಲಿಷ್ ಶಿಲ್ಪಿ ಜೆರಾಲ್ಡ್ ವಿಂಗ್ರೋವ್ ಅವರ ಕೆಲಸದಲ್ಲಿ ಹದಿನೈದರ ಮತ್ತು ಇಪ್ಪತ್ತರ ಪ್ರಮಾಣಗಳೇ ಹೆಚ್ಚು.

ನಾನು ಮೇಲೆ ಹೇಳಿದ ನೀಲಿ ಮೋಟಾರು ಬುಗಾಟಿಯ 35ನೆಯ ಮಾದರಿ. ಎತ್ತೋರೆ ಬುಗಾಟಿ 1881ರಲ್ಲಿ ಮಿಲಾನಿನಲ್ಲಿ ಹುಟ್ಟಿ, ಆಲ್ಸೇಸಿನ ಮೋಲ್ಸ್‌ಹೈಮ್ ಎಂಬ ಊರಿನಲ್ಲಿ ಕಾರ್ಖಾನೆಯನ್ನು ನಡೆಸಿದನು. ತಂದೆ ಮನೆಯ ಪೀಠೋಪಕರಣಗಳ ಕಲಾಕಾರ. ತಮ್ಮ ರೆಂಬ್ರಾಂಟನು ಪ್ರಾಣಿಗಳ ವಿಗ್ರಹಗಳನ್ನು ರೂಪಿಸಿದ ಶಿಲ್ಪಿ. ಮನೆತನದ ಈ ಗುಣ ಯಂತ್ರದಲ್ಲಿಯೂ ಇಳಿದು ಬಂದಿದೆಯೆನ್ನಬಹುದು. ಕುದುರೆಯ ಲಾಳದಂತೆ ಬಾಗಿದ ಮುಖ, ಹಿಂದಕ್ಕೆ ಚೂಪಾಗುವ ಬಾಲ, ಒಂದೇ ಎರಕದಲ್ಲಿ ಹೊಯ್ದ ಎಂಟು ಚಪ್ಪಟೆ ಕಡ್ಡಿಗಳ ಅಲ್ಯೂಮಿನಿಯಂ ಚಕ್ರ! 1924ನೆಯ ಆಗಸ್ಟ್ 3ರಂದು ಲಿಯೋನ್ ನಗರದ ಬಳಿ ನಡೆದ ಪಂದ್ಯದಲ್ಲಿ ಈ ಗಾಡಿಗಳು ಮೊದಲು ಓಡಿದುವು. ಓಡಿದುವು ಎನ್ನುವುದಕ್ಕಿಂತ ಕುಂಟಿದುವು ಎನ್ನುವುದು ಸರಿ. ಟಯರುಗಳು ಕೈಕೊಟ್ಟುವು, ಗೆಲವು ಕಂಪಾರಿ ನಡೆಸಿದ ಆಲ್ಫಾ ರೋಮಿಯೋ ಗಾಡಿಯದಾಯಿತು. ಅನಂತರದ ವರ್ಷಗಳಲ್ಲಿ ಈ ಮಾದರಿ ಗಳಿಸಿದ ಜಯಗಳೇ ಅದನ್ನು ಚಿರಸ್ಮರಣೀಯವನ್ನಾಗಿ ಮಾಡಿದುವು. ಅದರ ಪ್ರತಿಕೃತಿಯನ್ನು ಮಾಡಿದವರಲ್ಲಿ ಬುಗಾಟಿಯೇ ಮೊದಲಿಗರ ಸಾಲಿನವನೆಂಬುದು ಸ್ವಾರಸ್ಯದ ಸಂಗತಿ. ತನ್ನ ಕಿರಿಯ ಮಗ ರೋಲಾಂಡನಿಗಾಗಿ ಅರ್ಧ ಅಳತೆಯಲ್ಲಿ, ವಿದ್ಯುತ್ತಿನಿಂದ ನಡೆಯುವ ಪುಟ್ಟ ಗಾಡಿಯೊಂದನ್ನು ಆತನು ಕಟ್ಟಿದನು. ಕಂಡ ಗಿರಾಕಿಗಳೆಲ್ಲ ತಮ್ಮ ಮಕ್ಕಳಿಗೂ ಬೇಕೆನ್ನಲು, 1927ರಿಂದ ಮುಂದೆ ಅಂಥವು ಸುಮಾರು 500 ತಯಾರಾದುವು.

ಗಾಡಿಯ ಎರಡು ಅಚ್ಚುಗಳ ನಡುವಣ ದೂರ 2,400 ಮಿಲಿಮೀಟರು. ಎಡ ಬಲ ಚಕ್ರಗಳ ನಡುವಣ ದೂರ ಅದರ ಅರ್ಧ. ಹದಿನೈದರ ಪ್ರಮಾಣದಲ್ಲಿ ಇವು 160 ಮತ್ತು 80 ಆಗುವುವು. ಲೆಕ್ಕವೇನೋ ಶಾಲೆಯ ಹುಡುಗನಿಗೂ ಸುಲಭ. ಆದರೆ ಲೆಕ್ಕಕ್ಕೆ ಮೂಲದ ಅಂಕೆಗಳು ದೊರೆಯಬೇಕಷ್ಟೆ? ಅವುಗಳನ್ನು ಕಲೆಹಾಕುವುದರಲ್ಲಿಯೇ ಹಲವರಿಗೆ ವರ್ಷ ಕಳೆಯುವುದುಂಟು. ಇಂಗ್ಲೆಂಡಿನ ಪ್ರೆಸ್ಕಾಟಿನಲ್ಲಿ ಬುಗಾಟಿ ಟ್ರಸ್ಟು ಹಳೆಯ ನಕ್ಷೆಗಳನ್ನು ಸಂರಕ್ಷಿಸಿಟ್ಟಿದೆ. ಆಲ್ಸೇಸಿನ ಮುಲೂಸ್ ನಗರದ ವಸ್ತುಸಂಗ್ರಹಾಲಯದಲ್ಲಿ ನೂರಕ್ಕೂ ಮಿಕ್ಕು ಬುಗಾಟಿಗಳು ನಿಂತಿವೆ. ಅಂಥಲ್ಲಿಗೆ ಹೋಗಲಾರದವನಿಗೆ ಛಾಯಾಚಿತ್ರವೇ ಗತಿ. ಪಕ್ಕದಿಂದ ನೇರವಾಗಿ ತೆಗೆದ ಚಿತ್ರ ಸಿಕ್ಕಿತೆಂದರೆ, ಅಚ್ಚಿನ ದೂರವನ್ನೇ ಅಳತೆಯ ಕೋಲನ್ನಾಗಿ ಇಟ್ಟುಕೊಂಡು ಮಿಕ್ಕ ಅಳತೆಗಳನ್ನು ತೆಗೆಯಬಹುದು. ಆದರೆ ಕ್ಯಾಮರಾ ಹತ್ತಿರದ್ದನ್ನು ದೊಡ್ಡದಾಗಿಯೂ ದೂರದ್ದನ್ನು ಚಿಕ್ಕದಾಗಿಯೂ ತೋರಿಸುವುದರಿಂದ, ಅಚ್ಚಿಗಿಂತ ಒಳಗಿರುವ ಭಾಗಗಳನ್ನು ಹಾಗೆಯೇ ಅಳೆದರೆ ಅವು ಇರುವುದಕ್ಕಿಂತ ಕಿರಿದಾಗಿಬಿಡುವುವು.

ಬಣ್ಣದ ವಿಷಯದಲ್ಲಿ ಹಳೆಯ ಚಿತ್ರಗಳು ಮಾಡುವ ಮೋಸ ಇನ್ನೂ ಹೆಚ್ಚಿನದು. ಪಂದ್ಯಗಳಲ್ಲಿ ಫ್ರಾನ್ಸಿನ ಗಾಡಿಗೆ ನೀಲಿ, ಇಟಲಿಗೆ ಕೆಂಪು, ಬ್ರಿಟನ್ನಿಗೆ ಹಸುರು, ಜರ್ಮನಿಗೆ ಬಿಳುಪು, ಅನಂತರ ಬೆಳ್ಳಿಯ ಬಣ್ಣ ಎಂದು ಕಟ್ಟಿತ್ತು. ಆ ಕಾಲದ ಅನೇಕ ಫಿಲ್ಮುಗಳು ಕೆಂಪು ಬೆಳಕನ್ನು ಗ್ರಹಿಸುತ್ತಿರಲಿಲ್ಲ. ನೀಲಿಗೆ ಅತಿಯಾಗಿ ಸ್ಪಂದಿಸುತ್ತಿದ್ದುವು. ಆದಕಾರಣ ಕೆಂಪು ಆಲ್ಫಾ ಕರಿಯದಾಗಿಯೂ ನೀಲಿ ಬುಗಾಟಿ ಹೆಚ್ಚು ಕಡಿಮೆ ಬೆಳ್ಳಗೂ ಮೂಡಿರುವುದು. ಇದನ್ನು ತಿಳಿಯದೆ ಚಿತ್ರವನ್ನೇ ನಂಬಿ ಬಣ್ಣ ಹಚ್ಚಿದವನ ಶ್ರಮವೆಲ್ಲ ಅಭಾಸಕ್ಕೆ ಗುರಿಯಾಗುವುದು.

ಇನ್ನು ಕಟ್ಟುವ ಕೆಲಸ. ದೇಹಕ್ಕೆ ಮೊದಲು ಮರದಲ್ಲಿ ಅಚ್ಚನ್ನು ಕೆತ್ತಿ, ಅದರ ಮೇಲೆ ತಾಮ್ರದ ಇಲ್ಲವೆ ಅಲ್ಯೂಮಿನಿಯಂ ತಗಡನ್ನು ಸಣ್ಣ ಸುತ್ತಿಗೆಯಿಂದ ಬಡಿದು ಕೂರಿಸುವರು. ಬಡಿದಂತೆಲ್ಲ ತಾಮ್ರ ಗಡುಸಾಗುವುದು. ಕೆಂಪಗೆ ಕಾಯಿಸಿದರೆ ಮತ್ತೆ ಮೆತ್ತಗಾಗುವುದು. ಪಾತ್ರೆ ಬಡಿಯುವ ನಮ್ಮ ಕಂಚುಗಾರರಿಗೆ ಇದು ಹೊಸತಲ್ಲ. ಆದರೆ ತಗಡಿನ ದಪ್ಪದಲ್ಲಿ ಒಂದು ತೊಡಕಿದೆ. ನಿಜವಾದ ಗಾಡಿಯ ತಗಡು ಒಂದು ಮಿಲಿಮೀಟರು ದಪ್ಪವಿದ್ದರೆ, ಹದಿನೈದರ ಪ್ರಮಾಣದಲ್ಲಿ ಅದು ಈ ಪತ್ರಿಕೆಯ ಹಾಳೆಗಿಂತಲೂ ತೆಳುವಾಗಬೇಕು! ಅಷ್ಟು ತೆಳುವಾದ ತಗಡು ಕೈ ಸೋಕಿದರೆ ನಲುಗುವುದು. ಆದುದರಿಂದ ದಪ್ಪನಾದದ್ದನ್ನೇ ಬಳಸಿ, ಕಣ್ಣಿಗೆ ಬೀಳುವ ಅಂಚುಗಳನ್ನು ಮಾತ್ರ ಒಳಗಡೆಯಿಂದ ಅರದಿಂದ ಉಜ್ಜಿ ತೆಳುವಾಗಿಸುವರು. ಕಣ್ಣು ಅಂಚನ್ನು ನೋಡಿಯೇ ದಪ್ಪವನ್ನು ಊಹಿಸುವುದರಿಂದ ಇಷ್ಟು ಸಾಕಾಗುವುದು.

ಈ ವಿದ್ಯೆಯಲ್ಲಿ ಒಬ್ಬನ ಯೋಗ್ಯತೆಯನ್ನು ತಿಳಿಯಬೇಕಾದರೆ ಚಕ್ರವನ್ನು ನೋಡಬೇಕು. ಬುಗಾಟಿಯ ಎರಕದ ಚಕ್ರ ಒಂದು ಬಗೆಗೆ ಸುಲಭ: ಒಂದನ್ನು ಹಿತ್ತಾಳೆಯಲ್ಲಿ ಲೇತಿನ ಮೇಲೆ ಕಡೆದು, ಕಡ್ಡಿಗಳನ್ನು ಅರದಿಂದ ತಿದ್ದಿ ನಿರ್ದೋಷವಾಗಿ ಮಾಡಿಕೊಂಡರೆ, ಅದರಿಂದ ರಬ್ಬರಿನ ಅಚ್ಚು ತೆಗೆದು ಬೇಕಾದಷ್ಟು ಎರಕ ಹೊಯ್ಯಬಹುದು. ಪಂಚಲೋಹದ ವಿಗ್ರಹಗಳನ್ನು ಮಾಡುವ ನಮ್ಮ ಸ್ಥಪತಿಗಳಂತೆ ಮೇಣದಲ್ಲಿ ರೂಪಿಸಿ, ಮೇಣವನ್ನು ಕರಗಿಸಿ, ಆ ಜಾಗಕ್ಕೆ ಲೋಹವನ್ನು ಹೊಯ್ಯುವವರೂ ಉಂಟು. ಕಂಬಿಯ ಕಡ್ಡಿಗಳುಳ್ಳ ಚಕ್ರದ ಕಷ್ಟವೇ ಬೇರೆ. ಮಸೆರಾಟಿ, ಜಾಗ್ವಾರ್, ಫೆರಾರಿ ಗಾಡಿಗಳ ಅಂಥ ಚಕ್ರವೊಂದಕ್ಕೆ ಅರುವತ್ತು ಎಪ್ಪತ್ತು ಕಡ್ಡಿಗಳು. ನಾಲ್ಕು ಚಕ್ರ ಮತ್ತು ಮೀಸಲಿನದೊಂದು ಎಂದರೆ ಮುನ್ನೂರಕ್ಕೆ ಕಡಿಮೆಯಿಲ್ಲ. ನಾಲ್ಕು ಮಿಲಿಮೀಟರಿನ ಕಡ್ಡಿ ಹದಿನೈದರಲ್ಲಿ ಕಾಲು ಮಿಲಿಮೀಟರಿನ ಆಸುಪಾಸಿಗೆ ಬರುವುದು. ಬಳೆಯ ಸುತ್ತಲೂ ಸಮದೂರದಲ್ಲಿ ಅಷ್ಟು ಸಣ್ಣ ರಂಧ್ರಗಳನ್ನು ಕೊರೆದು, ಬಳೆಯನ್ನೂ ಗುಂಭವನ್ನೂ ಒಂದು ಚೌಕಟ್ಟಿನಲ್ಲಿ ಅಲುಗದಂತೆ ಹಿಡಿದಿಟ್ಟು, ಕಂಬಿಗಳನ್ನು ಒಂದಕ್ಕೊಂದು ಅಡ್ಡಹಾಯುವಂತೆ ಪೋಣಿಸುತ್ತ ಹೋಗಬೇಕು. ಐವತ್ತನೆಯ ರಂಧ್ರದಲ್ಲಿ ಬೈರಿಗೆಯ ಮೊನೆ ಮುರಿದು ಒಳಗೇ ಉಳಿಯಿತೆಂದರೆ ಹಿಂದಿನ ನಲವತ್ತೊಂಬತ್ತೂ ವ್ಯರ್ಥ. ಈ ಒಂದು ಘಟ್ಟದಲ್ಲಿ ಕೈಬಿಟ್ಟವರ ಸಂಖ್ಯೆ ಸಣ್ಣದಾಗಿರಲಾರದು.

ಕೆಲವರು ಇದಕ್ಕೂ ಮಿಗಿಲಾದ ಸಾಹಸಕ್ಕೆ ಕೈಹಾಕುವರು. ಮಸೆರಾಟಿಯವರು 1959ರಿಂದ 1961ರ ವರೆಗೆ ಮಾಡಿದ 61ನೆಯ ಮಾದರಿಗೆ ಹಕ್ಕಿಯ ಪಂಜರವೆಂದೇ ಅಡ್ಡಹೆಸರು. ಅದರ ಅಸ್ಥಿಪಂಜರವು ಸುಮಾರು 200 ತೆಳುವಾದ ಉಕ್ಕಿನ ಕೊಳವೆಗಳನ್ನು ಬೆಸೆದು ಆದದ್ದು. ಅದನ್ನು ಹಿತ್ತಾಳೆಯ ಕಂಬಿಯಲ್ಲಿ ಕಟ್ಟುವಾಗ, ಒಂದು ಸಂದಿಗೆ ಬೆಸುಗೆ ಹಾಕಲು ಕಾಯಿಸಿದರೆ ನೆರೆಯ ಸಂದು ಕರಗಿ ಕಳಚುವುದು. ಅದಕ್ಕಾಗಿ ಮೊದಲ ಸಂದುಗಳಿಗೆ ಹೆಚ್ಚು ಕಾವಿನಲ್ಲಿ ಕರಗುವ ಬೆಳ್ಳಿಯ ಬೆಸುಗೆಯನ್ನೂ, ಅನಂತರದವಕ್ಕೆ ಬೇಗ ಕರಗುವ ತವರದ ಬೆಸುಗೆಯನ್ನೂ ಬಳಸಿ, ನೆರೆಯ ಸಂದಿಗೆ ಒದ್ದೆಯ ಹತ್ತಿಯನ್ನು ಸುತ್ತಿ ಕಾವನ್ನು ತಡೆಯುವರು.

ಬಣ್ಣ, ತೊಗಲು ಇವುಗಳ ಬಗ್ಗೆ ಎರಡೇ ಮಾತು. ಬಣ್ಣವನ್ನು ಎಷ್ಟು ತೆಳುವಾಗಿ ಹೊಡೆದರೂ ಪ್ರಮಾಣಕ್ಕೆ ದಪ್ಪವೇ. ಆದುದರಿಂದ ಹೊಡೆದು, ಉಜ್ಜಿ, ಮತ್ತೆ ಹೊಡೆಯುವುದೇ ದಾರಿ. ಆಸನಕ್ಕೆ ಮೆತ್ತಗಿನ ಕೈಚೀಲದ ತೊಗಲನ್ನು ಹೊದಿಸಿದರೆ ಅದರ ಸುಕ್ಕುಗಳು ಆನೆಯ ಚರ್ಮದಂತೆ ಕಾಣುವುವು. ಪುಸ್ತಕದ ರಟ್ಟು ಕಟ್ಟುವವರು ಮಾಡುವಂತೆ ತೊಗಲಿನ ಹಿಂಭಾಗವನ್ನು ಚೂರಿಯಿಂದ ಹೆರೆದು ಹೆರೆದು ತೆಳುವಾಗಿಸಬೇಕು.

ವಿಂಗ್ರೋವ್ ಅವರ ಕೆಲಸದಲ್ಲಿ ಅವರ ಪತ್ನಿ ಫಿಲಿಸ್ ಅವರೂ ಕೈಗೂಡಿಸಿದರು. ವಿಂಗ್ರೋವ್ ಅವರು ತಮ್ಮ ವಿಧಾನಗಳನ್ನು ಮುಚ್ಚಿಡದೆ ಪುಸ್ತಕಗಳಲ್ಲಿ ಬರೆದಿಟ್ಟದ್ದು ದೊಡ್ಡ ಉಪಕಾರ. ಎಲ್ಲ ಮನೆಗಳಲ್ಲಿಯೂ ಇಂಥ ಸಹಕಾರ ದೊರೆಯುವುದೆಂದು ಹೇಳಲಾರೆ. ಊಟದ ಮೇಜಿನ ತುಂಬ ಅರದ ಪುಡಿ, ಮೊರದಲ್ಲಿ ಹುಡುಕಿದರೂ ಸಿಗದ ತಿರುಪು, ಕರೆದರೂ ಕೇಳಿಸದ ಗಂಡ—ಇವುಗಳನ್ನು ವರ್ಷಗಟ್ಟಲೆ ಸಹಿಸಿದ ಗೃಹಿಣಿಗೂ ಆ ಪುಟ್ಟ ಗಾಡಿಯಲ್ಲಿ ಪಾಲಿದೆಯೆಂದು ಒಪ್ಪಬೇಕು.

ಇಷ್ಟಾದ ಮೇಲೆ ಒಂದು ಪ್ರಶ್ನೆ ಉಳಿಯುವುದು: ಕಟ್ಟಿದ್ದು ಯಾವ ಗಾಡಿಯನ್ನು? ಪಂದ್ಯದ ಮೋಟಾರು ಒಂದೇ ರೂಪದಲ್ಲಿ ನಿಲ್ಲುವುದಿಲ್ಲ. ಈ ಪಂದ್ಯದಲ್ಲಿ ಗುದ್ದಿಸಿಕೊಂಡ ಮೂತಿ ಮುಂದಿನ ಪಂದ್ಯದ ಹೊತ್ತಿಗೆ ಬೇರೆಯಾಗುವುದು, ಎಂಜಿನ್ನು ಬದಲಾಗುವುದು, ಮಾಲೀಕನು ಬದಲಾದಂತೆ ಬಣ್ಣವೂ ಬದಲಾಗುವುದು. ಕಡೆಗೆ ಯಾರೋ ಶ್ರೀಮಂತರು ಕೊಂಡು, ಮೂಲದಲ್ಲಿ ಎಂದೂ ಇಲ್ಲದ ಹೊಳಪನ್ನು ಕೊಟ್ಟು ನಿಲ್ಲಿಸುವರು. ಮ್ಯೂಸಿಯಮ್ಮಿಗೆ ಹೋಗಿ ಅಳೆದು ಬಂದವನು ಆ ಕೊನೆಯ ರೂಪವನ್ನೇ ಲಿಯೋನಿನ ಗಾಡಿಯೆಂದು ಕಟ್ಟುವ ಸಂಭವವುಂಟು. ಬಲ್ಲವರು ಒಂದು ಪಂದ್ಯವನ್ನು, ಅದರಲ್ಲಿಯೂ ಒಂದು ದಿನವನ್ನು ಆರಿಸಿಕೊಂಡು, ಅಂದಿನ ಚಿತ್ರಗಳ ಸಾಕ್ಷ್ಯವನ್ನು ಮಾತ್ರ ನಂಬುವರು.

ಮೂಲವೇ ಇಲ್ಲದಿದ್ದಾಗ ಈ ಪ್ರಶ್ನೆ ಇನ್ನೂ ಕಠಿನವಾಗುವುದು. ಬುಗಾಟಿಯ ಹಿರಿಯ ಮಗ ಜಾನ್ ಎಂಬಾತನು ಅಟ್ಲಾಂಟಿಕ್ ಎಂಬ ಅಪೂರ್ವ ರೂಪದ ಮೋಟಾರನ್ನು ರೂಪಿಸಿದನು. ಬೆನ್ನಿನ ಉದ್ದಕ್ಕೂ ಮೀನಿನ ರೆಕ್ಕೆಯಂತೆ ಎದ್ದು ನಿಂತ ಅಂಚು, ಅದರಲ್ಲಿ ಸಾಲಾಗಿ ಬಡಿದ ಮೊಳೆಗಳು. 1935ರಲ್ಲಿ ಪ್ಯಾರಿಸಿನಲ್ಲಿ ಪ್ರದರ್ಶಿಸಿದ ಅದರ ಮೊದಲ ಮಾದರಿಯ ದೇಹವು ಬೆಂಕಿಗೆ ಹೊತ್ತಿಕೊಳ್ಳುವ ಮೆಗ್ನೀಸಿಯಂ ಮಿಶ್ರಲೋಹದ್ದು. ಬೆಸುಗೆ ಹಾಕಲಾರದೆ ಮೊಳೆ ಬಡಿದರು. ಅಲ್ಯೂಮಿನಿಯಂ ಬಳಸಿದ ಮೇಲೂ ಅಂದಕ್ಕಾಗಿ ಅದನ್ನೇ ಉಳಿಸಿಕೊಂಡರು. 1936 ಮತ್ತು 1938ರ ನಡುವೆ ಆದುವು ನಾಲ್ಕೇ ಗಾಡಿಗಳು. ಅವುಗಳಲ್ಲಿ ಕರಿಯ ಬಣ್ಣದ್ದು ಜಾನ್ ತಾನೇ ಓಡಿಸುತ್ತಿದ್ದುದು. 1939ನೆಯ ಆಗಸ್ಟಿನಲ್ಲಿ ಪಂದ್ಯದ ಗಾಡಿಯೊಂದನ್ನು ಪರೀಕ್ಷಿಸುತ್ತಿದ್ದಾಗ ಆತನು ಅಪಘಾತದಲ್ಲಿ ಮಡಿದನು. ಆಗ ಅವನ ವಯಸ್ಸು ಮೂವತ್ತು. ಮುಂದಿನ ತಿಂಗಳೇ ಯುದ್ಧ ಆರಂಭವಾಯಿತು. ಜರ್ಮನರು ಫ್ರಾನ್ಸಿಗೆ ನುಗ್ಗಿದ ಆ ಗೊಂದಲದ ಕಾಲದಲ್ಲಿ ಕರಿಯ ಅಟ್ಲಾಂಟಿಕ್ ಕಣ್ಮರೆಯಾಯಿತು, ಇಂದಿಗೂ ಪತ್ತೆಯಿಲ್ಲ.

ಅದನ್ನು ಕಟ್ಟಬಯಸುವವನ ಕೈಯಲ್ಲಿ ಇರುವುದು ಕೆಲವು ಚಿತ್ರಗಳು ಮಾತ್ರ. ನಾಲ್ಕೂ ಗಾಡಿಗಳು ಕೈಯಲ್ಲಿಯೇ ಬಡಿದು ಆದಂಥವು; ಒಂದರ ಸಣ್ಣ ವಿವರ ಇನ್ನೊಂದರಲ್ಲಿಲ್ಲ. ಆದುದರಿಂದ ಉಳಿದವುಗಳನ್ನು ಅಳೆದು ಇದಕ್ಕೆ ಅನ್ವಯಿಸುವುದು ಊಹೆಯೇ ಹೊರತು ಸಾಕ್ಷ್ಯವಲ್ಲ. ಚಿತ್ರದಲ್ಲಿ ಕಾಣದ ಒಳಭಾಗವನ್ನು ಸೋದರ ಗಾಡಿಗಳಿಂದ ಎರವಲು ತಂದು ಬಾಗಿಲು ತೆರೆದು ತೋರಿಸುವವರಿದ್ದಾರೆ. ನೋಡುವವರಿಗೆ ಅದೇ ಹೆಚ್ಚು ರಂಜಕ. ನನಗಾದರೋ, ಹೊರಗಿನ ಒಂದೊಂದು ಮೊಳೆಯನ್ನೂ ಎಣಿಸಿ ಬಡಿದು, ಬಾಗಿಲನ್ನು ಮಾತ್ರ ತೆರೆಯದಂತೆ ಬೆಸೆದುಬಿಡುವವನ ಮೇಲೆ ಹೆಚ್ಚು ಗೌರವ.