ಗೆದ್ದವರಿಲ್ಲದ ಪಂದ್ಯ

ಹಾಯಿದೋಣಿಗಳ ಪಂದ್ಯವೆಂದೊಡನೆ ಗಾಳಿ ತುಂಬಿ ಬಾಗಿದ ಹಾಯಿ, ಸಿಡಿಯುವ ನೊರೆ, ದಡದಲ್ಲಿ ನೆರೆದವರ ಕೇಕೆ ಕಣ್ಣೆದುರು ನಿಲ್ಲುತ್ತವೆ. ಫ್ರಾನ್ಸಿನ ಚಿತ್ರಕಾರ ಕ್ಲೋದ್ ಮೊನೆ 1872ರ ಸುಮಾರಿಗೆ ರಚಿಸಿದ ‘ಅರ್ಜಾಂತೋಯ್‌ನ ದೋಣಿಪಂದ್ಯ’ದಲ್ಲಿ ಇವೊಂದೂ ಇಲ್ಲ. ಎಡಕ್ಕೆ ನೆಟ್ಟಗೆ ನಿಂತ ಬಿಳಿಯ ಹಾಯಿಗಳು, ಬಲಕ್ಕೆ ಹಸಿರು ದಡ, ಕೆಂಪು ಮಾಡಿನ ಮನೆಗಳು, ಕೆಳಗೆ ಸೇನ್ ನದಿಯ ನೀರು. ಮುಂದಾದವರು ಯಾರು, ಹಿಂದುಳಿದವರು ಯಾರು? ಚಿತ್ರ ಹೇಳುವುದಿಲ್ಲ. ಹಾಗಾದರೆ ಪಂದ್ಯವೆಲ್ಲಿ?

ಉತ್ತರ ನೀರಿನಲ್ಲಿದೆ. ಹಾಯಿ, ಮನೆ, ದಡಗಳ ಪ್ರತಿಬಿಂಬಗಳನ್ನು ಮೊನೆ ನುಣುಪಾಗಿ ತೀಡಲಿಲ್ಲ. ಅಗಲವಾದ ಬಣ್ಣದ ಪಟ್ಟೆಗಳಾಗಿ, ಒಂದರ ಪಕ್ಕದಲ್ಲೊಂದನ್ನು ಇಟ್ಟ. ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯದ ದಂಡೆಯಲ್ಲಿಯೋ ಮೂಡಲಗಿ ಕಡೆಯ ಕಾಲುವೆಯ ಏರಿಯ ಮೇಲೆಯೋ ಸಂಜೆ ನಿಂತವರಿಗೆ ಈ ನೋಟ ಹೊಸದಲ್ಲ. ಎಳೆಗಾಳಿ ತೀಡಿದೊಡನೆ ನೀರಿನಲ್ಲಿಯ ಮರ ತುಂಡುತುಂಡಾಗುತ್ತದೆ, ಮರುಕ್ಷಣ ಕೂಡಿಕೊಳ್ಳುತ್ತದೆ. ಆ ಕ್ಷಣ ಜಾರುವ ಮೊದಲೇ ಅದನ್ನು ಹಿಡಿಯಬೇಕು. ದೋಣಿಗಳು ನಿಧಾನವಾಗಿವೆ; ಓಡುತ್ತಿರುವುದು ಬೆಳಕು, ಅದನ್ನು ಬೆನ್ನಟ್ಟಿರುವುದು ಕುಂಚ.

ಚಿತ್ರದಲ್ಲಿ ಇಲ್ಲದಿರುವುದನ್ನೂ ಓದಬೇಕು. ಪ್ಯಾರಿಸಿನಿಂದ ರೈಲಿನಲ್ಲಿ ಬೇಗನೆ ತಲುಪಬಹುದಾದ ಅರ್ಜಾಂತೋಯ್ ವಿಹಾರದ ಊರು ಮಾತ್ರವಲ್ಲ, ಕಾರ್ಖಾನೆಗಳ ಊರೂ ಆಗಿತ್ತು. ಅಲ್ಲಿಯೇ ನೆಲೆಸಿದ್ದ ಮೊನೆ ಬೇರೆ ಕೆಲವು ಚಿತ್ರಗಳಲ್ಲಿ ಹೊಗೆಕೊಳವೆಗಳನ್ನು ಬರೆದಿದ್ದಾನೆ; ಇಲ್ಲಿ ಬಿಟ್ಟಿದ್ದಾನೆ. ಗೋಕಾಕದಲ್ಲಿ ಘಟಪ್ರಭೆ 52 ಮೀಟರ್ ಕೆಳಗೆ ಧುಮುಕುತ್ತಾಳೆ. ಅದೇ ನೀರಿನ ಬಲದಿಂದ 1887ರಲ್ಲಿ ನೂಲಿನ ಗಿರಣಿ ತಿರುಗತೊಡಗಿತು. ಜಲಪಾತವನ್ನಷ್ಟೇ ಬರೆದು ಗಿರಣಿಯನ್ನು ಕೈಬಿಟ್ಟ ಚಿತ್ರ ಸುಳ್ಳಲ್ಲ. ಆದರೆ ಅದು ಪೂರ್ತಿ ಗೋಕಾಕವೂ ಅಲ್ಲ. ಮೊನೆಯ ನದಿಯೂ ಹಾಗೆಯೇ ಆಯ್ದ ನದಿ: ದುಡಿಮೆಯನ್ನು ಮರೆತ ಒಂದು ಬಿಡುವಿನ ದಿನ.

ಈ ಚಿತ್ರ ಗುಸ್ತಾವ್ ಕಾಯಬೊತ್ ಎಂಬ ಚಿತ್ರಕಾರನ ಸಂಗ್ರಹದಲ್ಲಿತ್ತು. ಆತ ಸ್ವತಃ ಹಾಯಿದೋಣಿಯ ಪಂದ್ಯಗಾರ; ದೋಣಿಗಳ ವಿನ್ಯಾಸವನ್ನೂ ಮಾಡಿದವನು. ಗಾಳಿಯ ಗುಟ್ಟು, ಗೆಲುವಿನ ರುಚಿ ಎರಡನ್ನೂ ಬಲ್ಲ ಆತ, ಗೆದ್ದವರನ್ನೇ ತೋರದ ಈ ಪಂದ್ಯವನ್ನು ಕಾಪಾಡಿಕೊಂಡು, 1894ರಲ್ಲಿ ತೀರಿಕೊಂಡಾಗ ತನ್ನ ದೇಶಕ್ಕೆ ಬಿಟ್ಟುಹೋದ. ಇಂದು ಅದು ಪ್ಯಾರಿಸಿನ ಓರ್ಸೇ ವಸ್ತುಸಂಗ್ರಹಾಲಯದಲ್ಲಿದೆ.

ಅಂದಿನ ಪಂದ್ಯದಲ್ಲಿ ಗೆದ್ದವನ ಹೆಸರನ್ನು ಇಂದು ಯಾರೂ ಕೇಳುವುದಿಲ್ಲ. ನೀರಿನ ಮೇಲೆ ಅರೆಕ್ಷಣ ನಿಂತ ಆ ಕೆಂಪು, ಆ ಬಿಳುಪು ಮಾತ್ರ ಇನ್ನೂ ಆರಿಲ್ಲ.