ಹೊಳೆ ಹೊತ್ತು ತಂದ ಹೂಳು

ಏಪ್ರಿಲ್ ಬಂತೆಂದರೆ ಲಕ್ಕವಳ್ಳಿಯ ಹಿನ್ನೀರು ದಿನದಿಂದ ದಿನಕ್ಕೆ ಇಳಿಯುತ್ತದೆ. 186 ಅಡಿಯ ಭದ್ರಾ ಜಲಾಶಯ ತಳ ಕಾಣತೊಡಗಿದ ಹಾಗೆ ನಡುಗಡ್ಡೆಗಳು ಒಂದೊಂದಾಗಿ ತಲೆ ಎತ್ತುತ್ತವೆ. ಅವುಗಳ ಬೋಳು ನೆಲದ ಮೇಲೆ ನದಿ ರೀವಗಳ ಸಂಸಾರ. ಇಲ್ಲಿನವರ ಬಾಯಲ್ಲಿ ಅದು ಬರೀ ಟರ್ನ್. ಗೂಡು ಅಂತ ಏನೂ ಕಟ್ಟುವುದಿಲ್ಲ. ಗರಸು ನೆಲದಲ್ಲಿ ಅಂಗೈಯಗಲದ ಒಂದು ಕುಳಿ, ಅದರಲ್ಲಿ ಎರಡೋ ಮೂರೋ ಮೊಟ್ಟೆ, ಸುತ್ತಲಿನ ಕಲ್ಲಿನದೇ ಬಣ್ಣ. ನೆತ್ತಿ ಸುಡುವ ಬಿಸಿಲಲ್ಲಿ ಗಂಡು ಹೆಣ್ಣು ಸರದಿಯ ಮೇಲೆ ಮೊಟ್ಟೆಗೆ ನೆರಳಾಗುತ್ತವೆ. ಒಂದು ಹೊಟ್ಟೆಯನ್ನು ನೀರಿಗೆ ಅದ್ದಿಕೊಂಡು ಬಂದು ಕೂತ ಮೇಲೆ ಇನ್ನೊಂದು ಮೀನಿಗೆ ಹೊರಡುತ್ತದೆ.

ಈ ಹಕ್ಕಿಯ ಬೇಟೆಯೆಲ್ಲ ಕಣ್ಣಿನ ಮೇಲೆ ನಿಂತಿದೆ. ನೀರು ತಿಳಿಯಾಗಿದ್ದರೆ ಗಾಳಿಯಲ್ಲಿ ಒಮ್ಮೆ ತಡೆದು ನಿಂತು, ಕೊಕ್ಕು ಕೆಳಗೆ ಮಾಡಿ ಧುಮುಕುತ್ತದೆ. ಮೇ ತಿಂಗಳ ಅಡ್ಡಮಳೆ ಬಿದ್ದು ಹೊಳೆ ಕೆಂಪಗೆ ಬಂದ ಮರುದಿನ ನೋಡಬೇಕು. ಬಗ್ಗುತ್ತದೆ, ಮತ್ತೆ ಮೇಲೇರುತ್ತದೆ, ಇನ್ನೊಂದು ಸುತ್ತು ಹಾಕುತ್ತದೆ, ಬರಿಗೊಕ್ಕಿನಲ್ಲಿ ವಾಪಸಾಗುತ್ತದೆ. ನಡುಗಡ್ಡೆಯ ಹತ್ತಿರ ಹೋಗೋಣ ಎಂದರೆ ತೆಪ್ಪದವರು ಬಿಡುವುದಿಲ್ಲ: “ಅಲ್ಲಿ ಇಳೀಬೇಡಿ ಸಾರ್, ಮೇಲೆ ಗಟ್ಟಿ ಕಾಣುತ್ತೆ, ಕಾಲಿಟ್ರೆ ಮೊಣಕಾಲ ತನಕ ಎಳ್ಕೊಂಬಿಡುತ್ತೆ.”

ಆ ಕೆಂಪು ನೀರನ್ನು ಬಾಟಲಿಗೆ ತುಂಬಿ ಕಿಟಕಿಯಲ್ಲಿಟ್ಟರೆ ಒರಟು ಮರಳು ನೋಡನೋಡುತ್ತಲೇ ತಳ ಸೇರುತ್ತದೆ. ಅದರ ಮೇಲೆ ಕಂದು ಪದರವೊಂದು ನಿಧಾನಕ್ಕೆ ಕಟ್ಟುತ್ತದೆ. ಎಲ್ಲಕ್ಕಿಂತ ನಯವಾದ ಮಣ್ಣು ಮಾತ್ರ ದಿನಗಟ್ಟಲೆ ಇಳಿಯದೆ ನೀರಲ್ಲೇ ತೇಲುತ್ತದೆ. ತಳದ ಮರಳನ್ನು ಒಣಗಿಸಿ, ಕಾಗದದಲ್ಲಿ ಸುತ್ತಿದ ಅಯಸ್ಕಾಂತ ಆಡಿಸಿದರೆ ಕಪ್ಪು ಕಣಗಳು ಎದ್ದು ನಿಲ್ಲುತ್ತವೆ. ಭದ್ರೆಯ ತಲೆಯ ಮೇಲಿನ ಕುದುರೆಮುಖದ ಗಣಿಯದ್ದೂ ಅಯಸ್ಕಾಂತಕ್ಕೆ ಅಂಟುವ ಮ್ಯಾಗ್ನೆಟೈಟ್ ಅದಿರೇ. ಆದರೂ ಈ ಕಣಗಳನ್ನು ಗಣಿಯ ವಿರುದ್ಧ ಸಾಕ್ಷಿಗೆ ಕರೆಯುವಂತಿಲ್ಲ. ಬಾಬಾಬುಡನ್ ಗಿರಿಯೂ ಕಬ್ಬಿಣದ ಬೆಟ್ಟ. ಭದ್ರಾವತಿಯ ಕಾರ್ಖಾನೆಗೆ ಅದಿರು ಹೋದದ್ದು ತರೀಕೆರೆ ಸೀಮೆಯ ಕೆಮ್ಮಣ್ಣುಗುಂಡಿಯಿಂದ. ಜಾಗರ ಕಣಿವೆಯ ಸೋಮವಾಹಿನಿ ಬಂದು ಬೀಳುವುದೂ ಇದೇ ಜಲಾಶಯಕ್ಕೆ. ಮಳೆಗೆ ಯಾವ ಬೆಟ್ಟವೂ ಒಂದಿಷ್ಟು ಮಣ್ಣು ಬಿಟ್ಟುಕೊಡುತ್ತದೆ.

ಎಷ್ಟು ಮಣ್ಣು, ಯಾವ ಜಾಗದ್ದು ಎಂದು ಹೊಳೆಯ ಮೇಲ್ಭಾಗದಲ್ಲೇ ಅಳೆದವರಿದ್ದಾರೆ. ವಿಜ್ಞಾನಿ ಜಗದೀಶ್ ಕೃಷ್ಣಸ್ವಾಮಿ ಮತ್ತು ಸಂಗಡಿಗರ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಅವರು ಅಳೆದ ಜಲಾನಯನದಲ್ಲಿ ಕುದುರೆಮುಖದ ಗಣಿಯ ಪಾಲು ಶೇಕಡಾ ಒಂದಕ್ಕಿಂತ ಕಡಿಮೆ. ಹೊಳೆ ಹೊತ್ತ ಹೂಳಿನಲ್ಲಿ ಅದರ ಪಾಲು ಅರ್ಧಕ್ಕಿಂತ ಹೆಚ್ಚು. ವರ್ಷಕ್ಕೆ 7,000 ಮಿಲಿಮೀಟರಿನಷ್ಟು, ಅಂದರೆ ಕಡೂರಿನ ಹತ್ತು ಪಟ್ಟು ಮಳೆ ಸುರಿಯುವ ಕಡೆ ಶೋಲಾ ಕಾಡು, ಹುಲ್ಲುಗಾವಲು ಕಿತ್ತು ಬೆಟ್ಟದ ಮೈ ತೆರೆದಿಟ್ಟರೆ ಇನ್ನೇನಾದೀತು?

ಕುದುರೆಮುಖ ಕಬ್ಬಿಣ ಅದಿರು ಕಂಪನಿ 1976ರಲ್ಲಿ ಹುಟ್ಟಿದ್ದು, ಕೇಂದ್ರ ಸರ್ಕಾರದ್ದೇ. ಇರಾನಿನ ಷಾ 63 ಕೋಟಿ ಡಾಲರ್ ಸಾಲ ಕೊಡುವುದು, ಅದಿರನ್ನು ಇರಾನೇ ಕೊಳ್ಳುವುದು ಎಂಬ ಒಪ್ಪಂದವಿತ್ತು. 1979ರ ಕ್ರಾಂತಿಯಲ್ಲಿ ಷಾ ಹೋದರು, ಕೊಳ್ಳುವವರೂ ಹೋದರು. ಅಷ್ಟರಲ್ಲಿ ಬೆಟ್ಟ ಅಗೆದಾಗಿತ್ತು. ಹಸನಾದ ಅದಿರು 67 ಕಿಲೋಮೀಟರ್ ಕೊಳವೆಯಲ್ಲಿ ಪಡುವಣಕ್ಕೆ, ಮಂಗಳೂರಿಗೆ ಇಳಿದು ಜಪಾನ್, ಚೀನಾದ ಹಡಗು ಹತ್ತಿತು. ಮೂಡಣಕ್ಕೆ ಹರಿಯುವ ಭದ್ರೆಯಲ್ಲಿ ನಮ್ಮ ಕಡೆಗೆ ಬಂದದ್ದು ಹೂಳು. ಇದನ್ನು ಬರೆಯುವಾಗ ಈಗಲೂ ನನಗೆ ಸಿಟ್ಟು ಬರುತ್ತದೆ.

ಗಣಿ ಗುತ್ತಿಗೆ 1999ರ ಜುಲೈಗೇ ಮುಗಿದಿತ್ತು. ಆಮೇಲೂ ತಾತ್ಕಾಲಿಕ ಅನುಮತಿಗಳ ಮೇಲೆ ಅಗೆತ ನಡೆಯಿತು. ಸುತ್ತಲಿನ ಕಾಡನ್ನು ರಾಷ್ಟ್ರೀಯ ಉದ್ಯಾನ ಮಾಡಲು 1987ರಲ್ಲೇ ಅಧಿಸೂಚನೆ ಹೊರಟಿತ್ತು. ನಿವೃತ್ತ ಅರಣ್ಯಾಧಿಕಾರಿ ಕೆ.ಎಂ. ಚಿಣ್ಣಪ್ಪ ಸುಪ್ರೀಂ ಕೋರ್ಟಿಗೆ ಹೋದರು. 2002ರ ಅಕ್ಟೋಬರ್ 30ರಂದು ತೀರ್ಪು ಬಂತು; ಅಗೆತಕ್ಕೆ 2005ರ ಕೊನೆಯವರೆಗೆ ಗಡುವು ಸಿಕ್ಕಿತು.

ಬೀಟೆಯ ಒಂದು ದಿಮ್ಮಿ ಕದ್ದು ಸಾಗಿಸಿ ಸಿಕ್ಕಿಬಿದ್ದವನಿಗೆ ಮೂರು ವರ್ಷದ ಗಡುವು ಯಾರೂ ಕೊಡುವುದಿಲ್ಲ. ಕೇಸು ಬೀಳುತ್ತದೆ, ಗಾಡಿ ಜಪ್ತಿಯಾಗುತ್ತದೆ. ಅಮೆರಿಕದ ಸಮಾಜಶಾಸ್ತ್ರಜ್ಞ ಎಡ್ವಿನ್ ಸದರ್‌ಲ್ಯಾಂಡ್ ಈ ಭೇದವನ್ನು 1939ರಲ್ಲೇ ಎತ್ತಿ ಆಡಿದ್ದ. 1949ರ ತನ್ನ ಪುಸ್ತಕದಲ್ಲಿ 70 ದೊಡ್ಡ ಕಂಪನಿಗಳ ಮೇಲೆ ಬಂದಿದ್ದ 980 ತೀರ್ಪು, ಆದೇಶಗಳನ್ನು ಲೆಕ್ಕ ಹಾಕಿದ. ಬಹುಪಾಲು ಕ್ರಿಮಿನಲ್ ಕೋರ್ಟಿನವಲ್ಲ. ವಿಚಾರಣೆ ಯಾವ ಕಟ್ಟಡದಲ್ಲಿ ನಡೆಯಿತು ಎಂಬುದರ ಮೇಲೆ ಕೃತ್ಯದ ಗುಣ ಬದಲಾಗುವುದಿಲ್ಲ ಎಂಬುದು ಅವನ ವಾದದ ತಿರುಳು. ಕುದುರೆಮುಖದ ವಿಷಯದಲ್ಲಿ ನಾನು ಅವನ ಕಡೆಗಿದ್ದೇನೆ. ಸಹಿ ಹಾಕಿದವರಲ್ಲಿ ಯಾರೂ ಕೆಟ್ಟ ಮನುಷ್ಯರಾಗಿರಬೇಕಿಲ್ಲ. ಒಬ್ಬೊಬ್ಬರದು ಒಂದೊಂದು ಕಡತ, ಒಂದೊಂದು ವಿಸ್ತರಣೆ. ಕೇಳಹೋದರೆ ಹೆಸರು ಸಿಗುವುದಿಲ್ಲ, ಕೆಳಗೆ ಜಲಾಶಯದಲ್ಲಿ ಮಣ್ಣು ಸಿಗುತ್ತದೆ.

ಆ ಮಣ್ಣು ಲಕ್ಕವಳ್ಳಿಯ ಸಮಸ್ಯೆಯಾಗಿ ಮಾತ್ರ ಉಳಿದಿಲ್ಲ. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಇದೇ ನೀರನ್ನು ತರೀಕೆರೆ ಬಳಿ ಮೇಲಕ್ಕೆತ್ತಿ, ಅಜ್ಜಂಪುರದ ಹತ್ತಿರ ಸುಮಾರು ಏಳು ಕಿಲೋಮೀಟರ್ ಸುರಂಗ ದಾಟಿಸಿ ವೇದಾವತಿಯ ಕಡೆಗೆ ಬಿಡುತ್ತಾರೆ. ಕಡೂರಿನ ಒಣ ಕೆರೆಗಳ ಆಸೆಯೂ ಈ ನೀರಿನ ಮೇಲೇ ಇದೆ. 71.5 ಟಿಎಂಸಿ ಹಿಡಿಯಲೆಂದು ಕಟ್ಟಿದ ಜಲಾಶಯದಲ್ಲಿ ಹೂಳು ಹಿಡಿದ ಜಾಗವನ್ನು ನೀರು ಹಿಡಿಯಲಾರದು.

2024ರಲ್ಲಿ ಅದೇ ಕಂಪನಿಗೆ ಸಂಡೂರಿನ ದೇವದಾರಿ ಗಣಿಯ ಅರಣ್ಯ ಭೂಮಿ ಕೊಡುವ ಮಾತೆದ್ದಾಗ, ಕುದುರೆಮುಖದ ಹಾನಿಯ ಬಾಬ್ತು 1,300 ಕೋಟಿ ರೂಪಾಯಿಗೂ ಮಿಕ್ಕ ಬಾಕಿ ತೀರಿಸದೆ ಜಮೀನು ಬಿಡಬೇಡಿ ಎಂದು ಅರಣ್ಯ ಸಚಿವ ಈಶ್ವರ ಖಂಡ್ರೆ ಅಧಿಕಾರಿಗಳಿಗೆ ಸೂಚಿಸಿದರು. ಆ ಹಣದಲ್ಲಿ ಒಂದು ಪಾಲು ಲಕ್ಕವಳ್ಳಿಗೂ ಬರಬೇಕು. ಬೇಸಿಗೆಯಲ್ಲಿ ನಡುಗಡ್ಡೆಗಳು ಎದ್ದಾಗ ಹೂಳಿನ ಆಳ ಅಳೆಯಲಿ, ಪದರ ಪದರ ತೆಗೆದು ಎಲ್ಲಿಯದೆಂದು ಪರೀಕ್ಷಿಸಲಿ. ಗಣಿಯ ತ್ಯಾಜ್ಯ ತುಂಬಿಕೊಂಡು ಭದ್ರೆಯ ತಲೆಯ ಮೇಲೆ ನಿಂತಿರುವ ಲಕ್ಯಾ ಅಣೆಕಟ್ಟನ್ನು ಪ್ರತಿ ಮಳೆಗಾಲಕ್ಕೆ ಮುಂಚೆ ಯಾರು ನೋಡುತ್ತಾರೆ, ಅದರ ಖರ್ಚು ಯಾರ ಲೆಕ್ಕಕ್ಕೆ ಎಂಬುದನ್ನು ಕೆಳಗಿನ ಊರುಗಳವರ ಮುಂದೆ ಬರೆದಿಡಲಿ.